ಶ್ರೀಮಾನ್ ಬೆಲ್ಟಪ್ಪನವರ ಬೀಳ್ಕೊಡುಗೆ

ವೇದಿಕೆಯ ಮೇಲಿರುವ ಮಾಲೀಕರೇ, ಡಾಲಾ ಬಿಚ್ಚಿಕೊಂಡು ತಾನೇ ವೇದಿಕೆಯಾಗಿ ನಿಂತಿರುವ ಹತ್ತು ಗಾಲಿಯ ಲಾರಿಯೇ, ಗೋಣಿಚೀಲಗಳ ಮೇಲೆ ಆಸೀನರಾಗಿರುವ ಡ್ರೈವರ್, ಕ್ಲೀನರ್, ಹಮಾಲಿ ಬಂಧುಗಳೇ,

ನಾಳೆ ಆಯುಧಪೂಜೆ. ಸ್ಟೇರಿಂಗಿಗೆ ಹಾರ, ಬಂಪರಿಗೆ ಬಾಳೆಕಂದು, ಟೈರಿನಡಿಗೆ ನಿಂಬೆಹಣ್ಣು, ದೃಷ್ಟಿ ತೆಗೆಯಲು ಬೂದುಗುಂಬಳ, ಎಲ್ಲವೂ ಬಂದಿವೆ. ಲೋಡನ್ನು ಹಿಡಿದಿಡುವವರಿಗೆ ಮಾತ್ರ ಪೀಣ್ಯದ ಈ ಶೆಡ್ಡಿನಲ್ಲಿ ಇದುವರೆಗೆ ಒಂದು ಬೊಟ್ಟು ಕುಂಕುಮವೂ ಸಂದಿಲ್ಲ. ಆ ಲೋಪ ಸರಿಪಡಿಸಲೆಂದೇ ಇಂದು, 50 ಮಿಲಿಮೀಟರ್ ಎದೆಯಗಲದ ಹಿರಿಯರಾದ ಶ್ರೀಮಾನ್ ಲ್ಯಾಶಿಂಗ್ ಬೆಲ್ಟಪ್ಪನವರಿಗೆ ಶಾಲು ಹೊದಿಸುತ್ತಿದ್ದೇವೆ. ಶಾಲು ತೆಳುವಾಯಿತೆಂದು ಯಾರೂ ಗೊಣಗಬೇಡಿ. ಸನ್ಮಾನಿತರು ಅದಕ್ಕಿಂತ ತೆಳುವಾಗಿದ್ದಾರೆ.

ಅವರ ಮೊದಲ ಗುಣ ಸರಳತೆ. ಹುಟ್ಟುವಾಗ ಮೈಮೇಲೆ ನೀಲಿ ಚೀಟಿಯೊಂದಿತ್ತು; ನೀಲಿ ಎಂದರೆ ಪಾಲಿಯೆಸ್ಟರ್ ಕುಲ. ಎಷ್ಟು ಎಳೆತ ತಡೆಯಬಲ್ಲರು, ಯಾವ ವರ್ಷ ಹುಟ್ಟಿದರು, ಎಲ್ಲ ಅದರಲ್ಲಿತ್ತು. ಎತ್ತುವ ಕೆಲಸಕ್ಕೆ ಬಳಸಕೂಡದು ಎಂದೂ ಇತ್ತು. ಕ್ರೇನಿಗೆ ಸಿಕ್ಕಿಸಿ ಮೋಟರು ಎತ್ತಿಸಿದ ದಿನವೇ ಆ ಚೀಟಿ ಕಿತ್ತುಹೋಯಿತು. ಅಂದಿನಿಂದ ಬಿರುದು ಬಾವಲಿ ತೊರೆದ ಸಂನ್ಯಾಸಿ ಇವರು. ಯುರೋಪಿನ ಇಎನ್ 12195 ಮಾನದಂಡ ಪಾಲಿಸುವವರು ಚೀಟಿಯಿಲ್ಲದ ಬೆಲ್ಟನ್ನು ಕೆಲಸದಿಂದಲೇ ತೆಗೆಯುತ್ತಾರೆ. ಬಲ ಎಷ್ಟೆಂದೇ ತಿಳಿಯದವರನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ ಎನ್ನುವುದು ಅವರ ಕ್ಷುಲ್ಲಕ ತಕರಾರು.

ಇನ್ನು ಅನುಭವ. ಅಂಚಿನಲ್ಲಿ ಕಾಣುವ ಆ ಕಚ್ಚನ್ನು ದಯವಿಟ್ಟು ಹತ್ತಿರ ಬಂದು ನೋಡಿ. ತಗಡಿನ ಮೂಲೆಗೆ ಏನೂ ಅಡ್ಡ ಇಡದೆ ಬಿಗಿದ ಕುರುಹು ಅದು. ಅಗಲದಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು, ಅಂದರೆ ಇವರ ಮೈಗೆ 5 ಮಿಲಿಮೀಟರ್ ದಾಟಿ, ಕತ್ತರಿಸಿದ್ದರೆ ಬೆಲ್ಟನ್ನು ಬದಿಗಿಡಬೇಕು. ಇವರ ಕಚ್ಚಿನಲ್ಲಿ ನನ್ನ ಕಿರುಬೆರಳು ಆರಾಮವಾಗಿ ತೂರುತ್ತದೆ. ನಡುವೆ ಒಂದು ಗಂಟೂ ಇದೆ. ಗಂಟು ಬಿದ್ದಲ್ಲಿ ಬಲ ಅರ್ಧಕ್ಕೆ ಇಳಿಯಬಹುದು, ಆದರೆ ಹಾಕಿದವರ ಪ್ರೀತಿ ದೊಡ್ಡದು. ಬಿಸಿಲಿಗೆ ಬಣ್ಣ ಹೋಗಿದೆ, ನೂಲು ಎದ್ದಿದೆ. ಕಾಸ್ಟಿಕ್ ಸೋಡಾ ಡ್ರಮ್ಮಿನ ಪಕ್ಕ ಮಲಗಿಸಿದ್ದೂ ಉಂಟು. ಆ ಕ್ಷಾರ ಪಾಲಿಯೆಸ್ಟರಿಗೆ ಪರಮ ವೈರಿ. ತುದಿಯ ಕೊಕ್ಕೆ ಬಾಯಿ ಬಿಟ್ಟುಕೊಂಡಿದೆ, ಬಹುಶಃ ಎರಡು ಮಾತಾಡಲು. ಜೊತೆಗಾರ ರ‍್ಯಾಚೆಟ್ಟಿನ ಹಿಡಿಕೆ ಬಾಗಿರುವುದು ವಿನಯದಿಂದಲ್ಲ, ಅದಕ್ಕೆ ಪೈಪು ತೊಡಿಸಿ ನಾವು ಎಳೆದದ್ದರಿಂದ.

(ಹಿಂದಿನವರಿಗೆ ಚಹಾ ಆಮೇಲೆ. ಮುಖ್ಯ ವಿಷಯ ಈಗ ಬಂತು.)

ನಮ್ಮ ಮಾಲೀಕರ ಗಣಿತ ನಿಮಗೆಲ್ಲ ಬಾಯಿಪಾಠ: ಲೇತು 10 ಟನ್, ಬೆಲ್ಟು 5 ಟನ್ನಿನದು, ಎರಡು ಹಾಕಿದರೆ ಸರಿಹೋಯಿತು. ಆದರೆ ಲೋಡಿನ ನೆತ್ತಿಯ ಮೇಲಿಂದ ಹಾಯಿಸಿ ಕಟ್ಟಿದ ಬೆಲ್ಟು ಲೋಡನ್ನು ಹಿಡಿದುಕೊಳ್ಳುವುದಿಲ್ಲ, ಹಲಗೆಗೆ ಒತ್ತುತ್ತದೆ, ಅಷ್ಟೆ. ಒತ್ತುವ ಬಲ ನಾವು ಬಿಗಿ ಮಾಡಿದಷ್ಟೇ. ಕೈಯಲ್ಲಿ 50 ಕಿಲೋ ಜೋರು ಹಾಕಿದರೆ ಸಾಧಾರಣ ರ‍್ಯಾಚೆಟ್ ಅದನ್ನು 300ರ ಆಸುಪಾಸಿಗೆ ಏರಿಸೀತು. ಬೆಲ್ಟಿನ ಮೇಲಿನ 5 ಟನ್ ಬಹಳ ಸಲ ಅದು ಹರಿಯುವ ಗಳಿಗೆಯ ಲೆಕ್ಕ. ಅತ್ತ, ಗಟ್ಟಿಯಾಗಿ ಬ್ರೇಕು ಒತ್ತಿದಾಗ ಲೋಡು ತನ್ನ ತೂಕದ ನೂರಕ್ಕೆ 80ರಷ್ಟು ಬಲದಲ್ಲಿ ಮುಂದಕ್ಕೂ, ತಿರುವಿನಲ್ಲಿ 50ರಷ್ಟು ಬಲದಲ್ಲಿ ಪಕ್ಕಕ್ಕೂ ನುಗ್ಗುತ್ತದೆಂದು ಹಿಡಿದು ಕಟ್ಟಬೇಕು. ಶಿರಾಡಿ ಘಾಟಿ ಇಳಿಯುವಾಗ ಡ್ರೈವರಣ್ಣನ ಬೆನ್ನ ಹಿಂದೆ 8 ಟನ್ ಆಸೆ ಇಟ್ಟುಕೊಂಡು ಆ ಲೇತು ಕೂತಿರುತ್ತದೆ. ಇಷ್ಟು ಕಾಲ ಅದು ಕ್ಯಾಬಿನ್ನಿಗೆ ಬರಲಿಲ್ಲವೆಂದರೆ, ಕೆಳಗೆ ಹೊಡೆದ ಮರದ ಅಡ್ಡೆಗಳಿಗೆ, ಮೆಲ್ಲಗೆ ಬ್ರೇಕು ತುಳಿದ ಕಾಲಿಗೆ ಈ ಶಾಲಿನಲ್ಲಿ ದೊಡ್ಡ ಪಾಲು ಸಲ್ಲಬೇಕು.

ಹೊರಟ ಮೇಲೆ ಲೋಡು ಕುಳಿತುಕೊಳ್ಳುತ್ತದೆ, ಬೆಲ್ಟು ಸಡಿಲಾಗುತ್ತದೆ. ಅಮೆರಿಕದಲ್ಲಿ ಮೊದಲ 50 ಮೈಲಿಯೊಳಗೆ ಇಳಿದು ಕಟ್ಟು ನೋಡಬೇಕೆಂಬ ಕಾಯ್ದೆಯೇ ಇದೆ. ಕುಣಿಗಲ್ಲಿನ ಟೀ ಅಂಗಡಿ ಆ ಅಳತೆಯೊಳಗೇ ಬರುತ್ತದೆ. ನಾವೂ ಅಲ್ಲಿ ಇಳಿಯುತ್ತೇವೆ, ಗ್ಲಾಸು ನೋಡುತ್ತೇವೆ.

ಕೊನೆಯದಾಗಿ, ನಿವೃತ್ತರ ಮರುನೇಮಕ. ಗುಜರಿ ಮೂಲೆಗೆ ಎಸೆದ ಬೆಲ್ಟು ವಾರದೊಳಗೆ ಇನ್ನೊಂದು ಲಾರಿಯಲ್ಲಿ ಸೇವೆಗೆ ಹಾಜರಾಗುವುದು ಈ ಶೆಡ್ಡಿನ ಸಂಪ್ರದಾಯ. ಆದಕಾರಣ ಇಂದು ರಿಬ್ಬನ್ ತಂದಿಲ್ಲ. ಮಾಲೀಕರು ಸನ್ಮಾನಿತರನ್ನೇ ಕತ್ತರಿಸಬೇಕೆಂದು ವಿನಂತಿ. ಒಂದು ಕಡೆ ಸಾಲದು ಸಾರ್, ಮೊಳಕ್ಕೊಂದು ತುಂಡು ಮಾಡಿ. ಎರಡೇ ಆದರೆ ನಮ್ಮವರು ಗಂಟು ಹಾಕಿಬಿಡುತ್ತಾರೆ. ಹಾಂ, ತಾಳಿ. ಗುಮಾಸ್ತರ ಕೈಯಲ್ಲಿ ಹೊಸ ಬೆಲ್ಟುಗಳ ವೋಚರ್ ಇದೆ. ಮೊದಲು ಅದಕ್ಕೆ ಸಹಿ, ಆಮೇಲೆ ಕತ್ತರಿ. ಚಪ್ಪಾಳೆ ಸಹಿಯಾದ ಮೇಲೆ.