ಅಮೆರಿಕದ ಫೋನು, ತಿಪಟೂರಿನ ಸಿಮ್ಮು

ಅಮೆರಿಕದಿಂದ ಬಂದವರು ಬ್ಯಾಗು ಬಿಚ್ಚುವಾಗ ಚಾಕೊಲೇಟ್ ಪೊಟ್ಟಣಕ್ಕೂ ಬಾದಾಮಿ ಡಬ್ಬಿಗೂ ಕೈ ಚಾಚುವವರು ಮಕ್ಕಳು. ಮನೆಯ ದೊಡ್ಡವರ ಕಣ್ಣೆಲ್ಲ ಕಾಲುಚೀಲಗಳ ಮೇಲೆ. ಫೋನು ಬರುವುದು ಅದರೊಳಗೆ. ಡಬ್ಬಿಯನ್ನು ಅಲ್ಲೇ ಬಿಸಾಕಿ, ಕಾಲುಚೀಲದಲ್ಲಿ ಸುತ್ತಿ, ಬಟ್ಟೆಗಳ ನಡುವೆ ತುರುಕಿ ತರುವುದು ಕಸ್ಟಮ್ಸ್‌ನವರ ಮೇಲಿನ ಭಯಭಕ್ತಿಯಿಂದ. ಫೋನು ಹೊರಬಿದ್ದೊಡನೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅನ್‌ಲಾಕ್ಡ್ ತಾನೇ?" ಬೆಲೆ ಎಷ್ಟೆಂಬುದನ್ನು ಆಮೇಲೆ ಒಬ್ಬೊಬ್ಬರಾಗಿ ಬಂದು ಗುಟ್ಟಾಗಿ ವಿಚಾರಿಸಿಕೊಳ್ಳುತ್ತಾರೆ, ಆ ಮಾತು ಬೇರೆ. ತಂದವರು ಎದೆಯುಬ್ಬಿಸಿ "ಫ್ಯಾಕ್ಟರಿ ಅನ್‌ಲಾಕ್ಡ್!" ಅನ್ನುತ್ತಾರೆ. ಅಲ್ಲಿಗೆ ಎಲ್ಲರಿಗೂ ಸಮಾಧಾನ. ಇನ್ನು ಯಾವ ಕಂಪನಿಯ ಸಿಮ್ ಹಾಕಿದರೂ ಫೋನು ನಡೆಯುತ್ತದೆ ಎಂದುಕೊಂಡು ಕಾಫಿ ಕುಡಿಯುತ್ತಾರೆ.

ಕುಡಿಯಲಿ, ಪಾಪ. ಅಂಗಡಿಗೆ ಹೋಗುವುದು ಹೇಗಿದ್ದರೂ ನಾಳೆ ತಾನೇ.

ಫೋನನ್ನು ಒಂದೇ ಕಂಪನಿಗೆ ಕಟ್ಟಿಹಾಕುವುದರಲ್ಲಿ ಅಮೆರಿಕದವರದು ಪಳಗಿದ ಕೈ. ಅಗ್ಗದ ಬೆಲೆಗೆ ಕೊಟ್ಟಂತೆ ಮಾಡಿ, ಎರಡು ವರ್ಷ ನಮ್ಮನ್ನು ಬಿಟ್ಟು ಹೋಗಕೂಡದು ಎಂದು ಬರೆಸಿಕೊಳ್ಳುತ್ತಿದ್ದರು. 2008ರ ಐಫೋನ್ 3ಜಿಗೆ ಅಲ್ಲಿ ಇಂಥ ಕರಾರಿನೊಡನೆ 199 ಡಾಲರ್. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ 31,000 ರೂಪಾಯಿ. ಪೂರ್ತಿ ದುಡ್ಡು ಎಣಿಸಿಕೊಂಡ ಮೇಲೂ ಲಾಕ್! ರಿಯಾಯಿತಿಯನ್ನು ಅಲ್ಲೇ ಬಿಟ್ಟು ಬೀಗವನ್ನಷ್ಟೇ ಆಮದು ಮಾಡಿಕೊಂಡ ಜಾಣ್ಮೆಗೆ ಏನು ಹೇಳೋಣ.

ಬೀಗ ಅಂದ ಮೇಲೆ ಒಡೆಯುವವರೂ ಇರಬೇಕಲ್ಲ. ಮೊದಲ ಐಫೋನಿನ ಲಾಕ್ ಮುರಿದು ಹೆಸರಾದವನು ನ್ಯೂಜೆರ್ಸಿಯ 17 ವರ್ಷದ ಹುಡುಗ ಜಾರ್ಜ್ ಹಾಟ್ಜ್. 2007ರ ಬೇಸಿಗೆ ರಜೆಯಲ್ಲಿ ಸಾಲ್ಡರಿಂಗ್ ಐರನ್ ಹಿಡಿದು ಕೂತ. ಹಾಗೆ ಬಿಡಿಸಿದ ಒಂದು ಫೋನನ್ನು ಕೊಟ್ಟು ಒಂದು ನಿಸಾನ್ ಕಾರನ್ನೂ ಮೂರು ಹೊಸ ಐಫೋನುಗಳನ್ನೂ ಪಡೆದ. ನಮ್ಮ ಮನೆಗಳಲ್ಲಿ ರಜೆಯಲ್ಲಿ ಫೋನು ಬಿಚ್ಚಿದ ಹುಡುಗನಿಗೆ ಸಿಗುವ ಬಹುಮಾನ ಬೆನ್ನ ಮೇಲೆ ಬೀಳುವಂಥದ್ದು.

ಇದಕ್ಕಿಂತ ತಮಾಷೆ ಅಲ್ಲಿನ ಕಾನೂನಿನದು. ಫೋನಿನ ಲಾಕ್ ತೆಗೆಯುವುದು ತಪ್ಪೋ ಸರಿಯೋ ಎಂದು ಹೇಳುವ ಅಧಿಕಾರ ಯಾರಿಗಿತ್ತು ಅಂತೀರಿ? ಪೊಲೀಸರಿಗಲ್ಲ, ಟೆಲಿಕಾಂ ಇಲಾಖೆಗೂ ಅಲ್ಲ, ಲೈಬ್ರರಿಯನ್ ಸಾಹೇಬರಿಗೆ! 1998ರ ಕಾಪಿರೈಟ್ ಕಾನೂನಿನಲ್ಲಿ ಏನೇನಕ್ಕೆ ವಿನಾಯಿತಿ ಕೊಡಬೇಕೆಂದು ಕಾಲಕಾಲಕ್ಕೆ ಪಟ್ಟಿ ಮಾಡುವವರು ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರು. 2006ರಲ್ಲಿ ಫೋನಿಗೆ ವಿನಾಯಿತಿ ಕೊಟ್ಟರು, 2012ರಲ್ಲಿ ಹೊಸ ಫೋನುಗಳಿಗೆ ಇಲ್ಲವೆಂದರು. 2013ರ ಜನವರಿಯ ನಂತರ ಕೊಂಡ ಫೋನನ್ನು ಕಂಪನಿಯ ಅಪ್ಪಣೆಯಿಲ್ಲದೆ ಬಿಡಿಸಿಕೊಂಡರೆ ಕಾನೂನುಬಾಹಿರ. ಲಕ್ಷಕ್ಕೂ ಹೆಚ್ಚು ಜನ ವೈಟ್‌ಹೌಸ್‌ಗೆ ಅರ್ಜಿ ಗುಜರಾಯಿಸಿದರು. ಕಡೆಗೆ 2014ರ ಆಗಸ್ಟ್‌ನಲ್ಲಿ ಒಬಾಮಾ ಸಹಿ ಹಾಕಿ ಅದನ್ನು ಸರಿಮಾಡಬೇಕಾಯಿತು.

ಇಷ್ಟೆಲ್ಲ ರಾಮಾಯಣ ನಡೆದು ಅನ್‌ಲಾಕ್ ಆದ ಫೋನು ನಿಮ್ಮ ಕೈಗೆ ಬಂತು ಅನ್ನಿ. ಐಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ಒತ್ತಿ ಕೆಳಗೆ ಹೋದರೆ, ಕ್ಯಾರಿಯರ್ ಲಾಕ್ ಎಂಬಲ್ಲಿ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಎಂದು ಬರೆದಿರುತ್ತದೆ. ಅದರ ಅರ್ಥ, ಬೇರೆ ಕಂಪನಿಯ ಸಿಮ್ಮನ್ನು ಈ ಫೋನು ಬೇಡವೆನ್ನುವುದಿಲ್ಲ, ಅಷ್ಟೇ. ಆ ಕಂಪನಿಯ ಟವರು ಇದನ್ನು ಮಾತಾಡಿಸುತ್ತದೆಂದು ಎಲ್ಲೂ ಬರೆದಿಲ್ಲ. ಮೀಟರ್ ಗೇಜ್ ರೈಲಿಗೆ ಹಸಿರು ಬಾವುಟ ಬೀಸಿದರೆ ಅದು ಬ್ರಾಡ್ ಗೇಜ್ ಹಳಿಯ ಮೇಲೆ ಓಡೀತೆ? ತಿಪಟೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆ ದಾರಿಯ ಹಳಿ ಅಗಲವಾದದ್ದನ್ನು ಕಣ್ಣಾರೆ ಕಂಡವರು ಅವರು.

ಇಲ್ಲಿ ಹಳಿ ಅಂದರೆ ಬ್ಯಾಂಡು. ಜಿಯೋ 4ಜಿ ಓಡುವುದು 3, 5, 40 ಎಂಬ ಬ್ಯಾಂಡುಗಳಲ್ಲಿ, ಅಂದರೆ 1800, 850 ಮತ್ತು 2300 ಮೆಗಾಹರ್ಟ್ಸ್. ಅಮೆರಿಕದಲ್ಲಿ ಚಾಲ್ತಿಯಲ್ಲಿರುವುದು 2, 4, 12, 13, 66, 71 ಇತ್ಯಾದಿ. ದುಬಾರಿ ಐಫೋನು ಎರಡೂ ಕಡೆಯ ಬ್ಯಾಂಡುಗಳನ್ನು ತುಂಬಿಕೊಂಡೇ ಬರುತ್ತದೆ. ಪೇಚಿಗೆ ಸಿಕ್ಕುವವರು ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಪ್ರೀಪೇಯ್ಡ್ ಆಂಡ್ರಾಯ್ಡ್ ತರುವವರು. ಅಂಥ ಎಷ್ಟೋ ಫೋನುಗಳಲ್ಲಿ 3 ಮತ್ತು 40 ಇರುವುದೇ ಇಲ್ಲ. ಊರ ತುಂಬ ಟವರಿದ್ದರೂ ಫೋನು ಒಂದು ಗೀಟಿಗೆ ತಿಣುಕುತ್ತದೆ.

ಬ್ಯಾಂಡು ಹೊಂದಿದರೆ ಸಾಕೇ? ಸಾಲದು. 2016ರಲ್ಲಿ ಜಿಯೋ ಬಂದಾಗ ಅದಕ್ಕೆ 2ಜಿಯೂ ಇರಲಿಲ್ಲ, 3ಜಿಯೂ ಇರಲಿಲ್ಲ. ಕರೆಯೂ 4ಜಿಯಲ್ಲೇ ಹೋಗಬೇಕು, ಅದಕ್ಕೆ ಫೋನಿನಲ್ಲಿ ವೋಲ್ಟಿ ಇರಬೇಕು. ಇಲ್ಲದವರಿಗೆ ಸಿನಿಮಾ ಓಡುತ್ತಿತ್ತು, "ಹಲೋ" ಅನ್ನಲು ಮಾತ್ರ ಬೇರೆ ಆ್ಯಪು ಹಾಕಿಕೊಳ್ಳಬೇಕಿತ್ತು. 5ಜಿಯ ಕಥೆಯೂ ಅದೇ: ನಮ್ಮಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದರೂ, 5ಜಿ ಐಫೋನ್ ಇಟ್ಟುಕೊಂಡಿದ್ದವರು ಆಪಲ್‌ನ ಅಪ್‌ಡೇಟ್‌ಗಾಗಿ ಡಿಸೆಂಬರ್‌ವರೆಗೆ ಕಾದರು.

ನನ್ನ ಷಡ್ಡಕ ಸ್ಯಾನ್ ಹೋಸೆಯಲ್ಲಿರುವವನು. ತಿಪಟೂರಿನ ಮಾವನವರಿಗೆಂದು ಅವನು ತಂದದ್ದು ಐಫೋನ್ 14. ಮಾವನವರು ಕನ್ನಡಕ ಹಣೆಗೇರಿಸಿ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಗುಂಡುಪಿನ್ನು ಹಿಡಿದು, ನಾಲ್ಕೂ ಅಂಚು ತಿರುಗಿಸಿ ತಿರುಗಿಸಿ ನೋಡಿದರು. ಚಾರ್ಜರಿನ ಜಾಗದ ಪಕ್ಕ ಸಣ್ಣ ತೂತುಗಳ ಸಾಲು ಕಂಡಿತು. ಪಿನ್ನು ಇನ್ನೇನು ಒಳಗಿಳಿಯಬೇಕು, ಷಡ್ಡಕ ಹಾರಿ ಬಂದು ಕೈ ಹಿಡಿದ.

"ಮಾವಾ, ಅದು ಮೈಕು!"

"ಹಂಗಾರೆ ಸಿಮ್ ಹಾಕೋ ತೂತು ಎಲ್ಲಿ, ಅಳಿಯಂದ್ರೇ?"

"ಅಮೆರಿಕದ ಫೋನಿಗೆ ಅದು ಇರಲ್ಲ ಮಾವ. ಇ-ಸಿಮ್ಮು. ಒಳಗೇ ಇರುತ್ತೆ."

"ಒಳಗೇ ಇದ್ರೆ ಕರೆನ್ಸಿ ಯಾವುದಕ್ಕೆ ಹಾಕ್ಸೋದು?"

ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅಮೆರಿಕದಲ್ಲಿ ಮಾರುವ ಐಫೋನ್ 14ಕ್ಕೆ ಸಿಮ್ ಟ್ರೇ ಇಲ್ಲ, ಅದೇ ಫೋನು ನಮ್ಮಲ್ಲಿ ಕೊಂಡರೆ ಇದೆ. ಚೀನಾದಲ್ಲಿ ಕೊಂಡರೆ ಎರಡು ಸಿಮ್ ಹಿಡಿಸುವ ಟ್ರೇ! ಲಾಕ್ ಇಲ್ಲ, ಬ್ಯಾಂಡುಗಳೆಲ್ಲ ಇವೆ, ವೋಲ್ಟಿ ಇದೆ, ಸಿಮ್ ತೂರಿಸಲು ಜಾಗವೇ ಇಲ್ಲ. ಹಳೆಯ ಸಿಮ್ಮನ್ನು ಇ-ಸಿಮ್ ಮಾಡಿಸಲು ಮೆಸೇಜು ಕಳಿಸಬೇಕು, ಇಮೇಲ್ ಬೇಕು. ಮಾವನವರ ಇಮೇಲ್ ಪಾಸ್‌ವರ್ಡು ಭಾಮೈದನ ಹತ್ತಿರ, ಭಾಮೈದ ಬೆಂಗಳೂರಿನಲ್ಲಿ. ಅಂತೂ ಹಳೆಯದು ಸತ್ತು ಹೊಸದಕ್ಕೆ ಜೀವ ಬರುವ ನಡುವೆ ನಂಬರು ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ನಿಂತಿತು. ಆವತ್ತು ಕೊಬ್ಬರಿ ಹರಾಜು. ಮಂಡಿಯವರು ರೇಟು ಹೇಳಲು ಮಾಡಿದ ಫೋನು ಎಲ್ಲಿಗೆ ಹೋಯಿತೋ! ಸಂಜೆಯೇ ಐಫೋನು ಭಾಮೈದನ ಪಾಲಾಯಿತು, ಮಾವನವರು ಎರಡು ಸಿಮ್ಮಿನ ತಮ್ಮ ಹಳೆಯ ಆಂಡ್ರಾಯ್ಡಿಗೆ ಮರಳಿದರು.

ಆ ಆಂಡ್ರಾಯ್ಡಿನೊಂದಿಗೇ ಅವರು ಅತ್ತೆಯ ಜೊತೆ ಸ್ಯಾನ್ ಹೋಸೆಗೆ ಹೊರಟರು, ಮಗಳ ಬಾಣಂತನಕ್ಕೆ. ನಮ್ಮಲ್ಲಿ ಅಂಗಡಿಯಿಂದ ಕೊಂಡ ಫೋನಿಗೆ ಸಾಮಾನ್ಯವಾಗಿ ಯಾವ ಲಾಕೂ ಇರುವುದಿಲ್ಲವಲ್ಲ, ಷಡ್ಡಕ ನಿಶ್ಚಿಂತೆಯಿಂದ ಅಲ್ಲಿನದೊಂದು ಸಿಮ್ ಹಾಕಿಕೊಟ್ಟ. ಅಮೆರಿಕದ ಕಂಪನಿಗಳು 2022ರಲ್ಲಿ 3ಜಿ ಮುಚ್ಚಿದ ಮೇಲೆ ಅಲ್ಲೂ ಕರೆಗೆ ವೋಲ್ಟಿಯೇ ಗತಿ. ಎಟಿ ಅಂಡ್ ಟಿಯಂತೂ ಯಾವ ಮಾಡೆಲಿನ ಫೋನು ತನ್ನಲ್ಲಿ ನಡೆಯುತ್ತದೆಂದು ಪಟ್ಟಿಯನ್ನೇ ಇಟ್ಟಿದೆ. ಅದರಲ್ಲಿಲ್ಲದ ಫೋನು ಎಷ್ಟೇ ಅನ್‌ಲಾಕ್ ಆಗಿದ್ದರೂ ಹೊಸಿಲಾಚೆಯೇ. ಮಾವನವರ ಫೋನಿಗೆ ಸಿಕ್ಕ ಮರ್ಯಾದೆಯೂ ಅದೇ. ಮನೆಯೊಳಗೆ ವೈಫೈನಲ್ಲಿ ವಾಟ್ಸ್ಯಾಪ್ ಚೆನ್ನಾಗಿ ಬರುತ್ತಿತ್ತು, ಗೇಟು ದಾಟಿದರೆ ಗಪ್‌ಚಿಪ್.

ನನ್ನ ಹೆಂಡತಿಯ ಮುಂದೆ ಫೋನಿನಲ್ಲಿ ಅತ್ತೆಯ ದೂರು ಶುರುವಾಯಿತು: "ಬೆಳಿಗ್ಗೆ ವಾಕಿಂಗ್ ಅಂತ ಹೋಗ್ತಾರೆ ಕಣೇ, ಹಾಲು ತನ್ನಿ ಅಂತ ಹೇಳೋಣ ಅಂದ್ರೆ ಫೋನೇ ಹೋಗಲ್ಲ." ಷಡ್ಡಕನಿಗೆ ಮುಜುಗರವಾಗಿ, ಭಾನುವಾರ ಅಲ್ಲಿಯದೇ ಫೋನೊಂದನ್ನು ಕೊಡಿಸಲು ಕಾರು ತೆಗೆದನಂತೆ.

"ಸುಮ್ಮನೆ ಯಾಕೆ ದುಡ್ಡು ದಂಡ ಅಳಿಯಂದ್ರೇ," ಅಂದರಂತೆ ಮಾವನವರು, ಶೂ ಲೇಸು ಬಿಗಿದುಕೊಳ್ಳುತ್ತ. "ಮದುವೆ ಆದಾಗ್ಲಿಂದ ಇಷ್ಟು ಚೆನ್ನಾಗಿ ಕೆಲಸ ಮಾಡೋ ಫೋನು ನನಗೆ ಸಿಕ್ಕಿರಲಿಲ್ಲ."