ಶೇಕಡಾ ಐದು ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಶೇಕಡಾ ಐದು ಅವರಿಗೆ,

ದೊಡ್ಡಬಳ್ಳಾಪುರದಲ್ಲಿ ಮನೆ ಕಂದಾಯ ಕಟ್ಟುವವನೊಬ್ಬನ ನಮಸ್ಕಾರಗಳು.

ತಮ್ಮ ಪರಿಚಯ ನನಗಿದೆ. ನನ್ನ ಪರಿಚಯ ತಮಗಿರಲಾರದು. ಪ್ರತಿ ವರ್ಷ ನಗರಾಡಳಿತದ ಬಜೆಟ್ ಪುಸ್ತಕದಲ್ಲಿ ಶೇ 24.10 ಮತ್ತು ಶೇ 7.25 ಎಂಬ ಅಣ್ಣಂದಿರಿಬ್ಬರ ಬೆನ್ನಿಗೇ ತಾವು ಕಾಣಿಸಿಕೊಳ್ಳುತ್ತೀರಿ. ದೊಡ್ಡವರು ಪರಿಶಿಷ್ಟರ ಪಾಲು, ನಡುವಿನವರು ಇತರ ಬಡವರ ಪಾಲು, ತಾವು ಅಂಗವಿಕಲರ ಪಾಲು. ಮೊದಲು ಬರೀ ಮೂರಿದ್ದಿರಿ, ಆಮೇಲೆ ಐದಕ್ಕೆ ಬಡ್ತಿ ಸಿಕ್ಕಿತು. ತಡವಾಗಿಯಾದರೂ ಅಭಿನಂದನೆಗಳು.

ಯಾವ ಕಚೇರಿಯ ಶೇಕಡಾ ಐದಕ್ಕೆ ಈ ಪತ್ರ ಎಂದು ಕೇಳಬೇಡಿ. ರಾಜ್ಯದ ಪ್ರತಿ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಯಲ್ಲೂ ತಮ್ಮ ದಾಯಾದಿಗಳಿದ್ದಾರೆ. ಗ್ರಾಮ ಪಂಚಾಯಿತಿಗಳಲ್ಲೂ ಇದ್ದಾರೆ. ಊರು ಬೇರೆಯಾದರೂ ಸ್ವಭಾವ ಒಂದೇ. ಏಪ್ರಿಲ್‌ನಲ್ಲಿ ಹುಟ್ಟುತ್ತೀರಿ, ಕ್ರಿಯಾ ಯೋಜನೆ, ಅನುಮೋದನೆ, ಟೆಂಡರು ಎಂದು ವರ್ಷವಿಡೀ ಮಲಗುತ್ತೀರಿ, ಮಾರ್ಚ್‌ನಲ್ಲಿ ಯಾರೋ ನೀರು ಚಿಮುಕಿಸಿದಂತೆ ದಿಗ್ಗನೆ ಏಳುತ್ತೀರಿ.

ಎದ್ದ ದಿನ ತಮ್ಮ ಕೊಡುಗೈ ನೋಡಬೇಕು! ಕಚೇರಿಯ ಮುಂದೆ ಶಾಮಿಯಾನ, ಸಾಲಾಗಿ ನಿಂತ ತ್ರಿಚಕ್ರ ವಾಹನಗಳು, ಹ್ಯಾಂಡಲ್ಲಿಗೆ ಚೆಂಡುಹೂವು. ಕೀಲಿಕೈ ಒಂದೇ, ಅದನ್ನು ಹಿಡಿದ ಕೈಗಳು ಏಳು. ಫಲಾನುಭವಿಯ ಮುಖವೊಂದನ್ನು ಬಿಟ್ಟು ಮಿಕ್ಕೆಲ್ಲರ ಮುಖವೂ ಫೋಟೊದಲ್ಲಿ ಸ್ಪಷ್ಟವಾಗಿ ಬೀಳುತ್ತದೆ. ಅಪಹಾಸ್ಯ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಕಾಲಿನ ಬಲವಿಲ್ಲದವರಿಗೆ ಆ ಗಾಡಿ ಸಿಕ್ಕರೆ ದುಡಿಮೆಯ ದಾರಿಯೇ ಸಿಕ್ಕಂತೆ. ಇನ್ನೂ ಹತ್ತು ಜನರಿಗೆ ಕೊಡಿ. ನಾನು ಬರೆಯುತ್ತಿರುವುದು, ಕೊಟ್ಟರೂ ಆ ಗಾಡಿ ಉಪಯೋಗಕ್ಕೆ ಬಾರದ ಮಕ್ಕಳ ಪರವಾಗಿ.

ನಮ್ಮೂರಿನ ಒಂದು ಮಗ್ಗದ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮುಂದಿನ ಅಂಕಣದಲ್ಲಿ ಎರಡು ಪವರ್‌ಲೂಮ್, ಹಿಂದೆ ಅಡುಗೆಮನೆ. ಅಪ್ಪ ರೇಷ್ಮೆ ಸೀರೆ ನೇಯುತ್ತಾನೆ, ಅಮ್ಮ ಕಂಡಿಕೆ ಸುತ್ತುತ್ತಾಳೆ. ನಾಲ್ಕು ತುಂಬಿದ ಮಗನಿಗೆ ಇನ್ನೂ ಮಾತು ಬಂದಿಲ್ಲ. ಕರೆದರೆ ತಿರುಗುವುದಿಲ್ಲ. ಮಗ್ಗ ಶುರುವಾದರೆ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲ ಸಂದಿಯಲ್ಲಿ ಕೂರುತ್ತಾನೆ. ಕರೆಂಟು ಹೋದಾಗ ಬೀದಿಯವರೆಲ್ಲ ಬೆಸ್ಕಾಂಗೆ ಶಾಪ ಹಾಕಿದರೆ, ಅವನೊಬ್ಬ ಹೊರಗೆ ಬಂದು ಆಡುತ್ತಾನೆ. 'ನಮ್ಮ ಭಾವನಿಗೂ ಮಾತು ತಡವಾಗಿಯೇ ಬಂತು, ಸುಮ್ಮನಿರು' ಎಂದು ಹಿರಿಯರು ಹೇಳುತ್ತಾರೆ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದದ್ದೂ ಆಗುತ್ತದೆ. ಕೊನೆಗೆ ಯಾರೋ 'ನಿಮ್ಹಾನ್ಸ್‌ಗೆ ತೋರಿಸಮ್ಮ' ಅನ್ನುತ್ತಾರೆ.

ಯಲಹಂಕ, ಹೆಬ್ಬಾಳ, ಮೆಜೆಸ್ಟಿಕ್ ದಾಟಿ ಹೊಸೂರು ರಸ್ತೆಯವರೆಗೆ, ಹಾರ್ನ್ ಕೇಳಿದರೆ ಕಿರುಚುವ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಆ ತಾಯಿ ಹೋಗಬೇಕು. ಆ ದಿನದ ದುಡಿಮೆ ಹೋಯಿತು. ಆಟಿಸಂ ಎಂದು ಬರೆದುಕೊಟ್ಟ ವೈದ್ಯರು, ವಾರಕ್ಕೆರಡು ಸಲ ಸ್ಪೀಚ್ ಥೆರಪಿ ಮಾಡಿಸಿ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಎನ್ನುತ್ತಾರೆ. ವಾರಕ್ಕೆರಡು ಸಲ ಅಷ್ಟು ದೂರ ಹೋಗಿಬಂದರೆ ಮನೆಯಲ್ಲಿ ಕಂಡಿಕೆ ಸುತ್ತುವವರು ಯಾರು?

ಅಲ್ಲಿಂದ ಮುಂದೆ ತಮ್ಮ ಹತ್ತಿರದ ನೆಂಟರೊಬ್ಬರ ದರ್ಶನವಾಗಬೇಕು. ಅವರ ಹೆಸರು ಶೇಕಡಾ ನಲವತ್ತು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ನಲವತ್ತು ಇದ್ದರೆ ಬಹುಪಾಲು ಸೌಲಭ್ಯಗಳ ಬಾಗಿಲು ತೆರೆಯುತ್ತದೆ, ಮೂವತ್ತೆಂಟಿದ್ದರೆ ಇಲ್ಲ. ಮಗುವಿನ ಕಷ್ಟ ಎರಡು ಅಂಕ ಕಮ್ಮಿಯಾಯಿತು ಎಂದು ಹೆತ್ತವರು ಖುಷಿಪಡಬೇಕೋ ಅಳಬೇಕೋ ತಿಳಿಯದಂಥ ಪರೀಕ್ಷೆ ಇದೊಂದೇ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯ ಮಕ್ಕಳ ಕತೆ ಇನ್ನೂ ಚೆಂದ. ಎಂಟು ವರ್ಷ ತುಂಬುವ ತನಕ ಪ್ರಮಾಣಪತ್ರವೇ ಇಲ್ಲ, ಕೊಟ್ಟರೂ ಹದಿನಾಲ್ಕಕ್ಕೊಮ್ಮೆ, ಹದಿನೆಂಟಕ್ಕೊಮ್ಮೆ ಮತ್ತೆ ಪರೀಕ್ಷೆ ಎಂದಿತು 2018ರ ಮಾರ್ಗಸೂಚಿ. ಎಂಟರವರೆಗೆ ಆ ಮಗುವಿಗೆ ಶಾಲೆಯಲ್ಲಿ ಸಿಗುವ ಪ್ರಮಾಣಪತ್ರ ಒಂದೇ: 'ದಡ್ಡ'.

ಇದೆಲ್ಲ ಶಿಕ್ಷಣ ಇಲಾಖೆಯ ಕೆಲಸ, ಆರೋಗ್ಯ ಇಲಾಖೆಯ ಕೆಲಸ, ಚರಂಡಿ ಮತ್ತು ಬೀದಿದೀಪ ನೋಡಿಕೊಳ್ಳುವವರನ್ನು ಯಾಕೆ ಎಳೆಯುತ್ತೀರಿ ಎಂದು ತಾವು ಕೇಳಬಹುದು. ಎಳೆದದ್ದು ನಾನಲ್ಲ, ಸಂವಿಧಾನ. 74ನೇ ತಿದ್ದುಪಡಿಯಿಂದ ಬಂದು 1993ರ ಜೂನ್ 1ರಂದು ಜಾರಿಯಾದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ ಹದಿನೆಂಟು ಬಾಬ್ತುಗಳ ಪಟ್ಟಿಯಿದೆ. ನೀರು, ರಸ್ತೆ, ಸ್ಮಶಾನಗಳ ಜೊತೆಗೇ ಒಂಬತ್ತನೆಯದಾಗಿ ಅಂಗವಿಕಲರು ಮತ್ತು ಬುದ್ಧಿಮಾಂದ್ಯರನ್ನೂ ಒಳಗೊಂಡ ದುರ್ಬಲ ವರ್ಗಗಳ ಹಿತರಕ್ಷಣೆ ಬರುತ್ತದೆ. ಸ್ಮಶಾನದ ಕಾಂಪೌಂಡು ಎಷ್ಟೋ ಊರುಗಳಲ್ಲಿ ಎದ್ದಿದೆ. ಒಂಬತ್ತನೆಯ ಸಾಲಿನ ಸರದಿ ಬಂದಂತೆ ಕಾಣೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೂ ತಮ್ಮವರನ್ನು ಹೆಸರು ಹಿಡಿದೇ ಕರೆದಿದೆ. ಅದರ 17ನೇ ಸೆಕ್ಷನ್ ಸರ್ಕಾರಕ್ಕೂ 'ಸ್ಥಳೀಯ ಪ್ರಾಧಿಕಾರ'ಗಳಿಗೂ ಹೇಳುವುದಿಷ್ಟು: ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಿ, ಯಾವ ಮಗುವಿಗೆ ಏನು ಬೇಕು, ಅದರಲ್ಲಿ ಎಷ್ಟು ಸಿಕ್ಕಿದೆ ನೋಡಿ, ಬೌದ್ಧಿಕ ಅಂಗವೈಕಲ್ಯದ ಮಕ್ಕಳಿಗೆ ಕಲಿಸಬಲ್ಲ ಶಿಕ್ಷಕರನ್ನು ತರಬೇತು ಮಾಡಿ, ನೇಮಿಸಿ. ಕಾಯ್ದೆ ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ. ಮೊದಲ ಸಮೀಕ್ಷೆಗೆ ಎರಡೇ ವರ್ಷದ ಗಡುವು. ನಳದ ಬಿಲ್ಲು ಬಾಕಿ ಉಳಿದ ಮನೆಗಳ ಪಟ್ಟಿ ಯಾವ ಕಚೇರಿಯಲ್ಲಿ ಕೇಳಿದರೂ ವಾರ್ಡುವಾರು ಸಿಗುತ್ತದೆ. ಮಾತು ಬಾಕಿ ಉಳಿದ ಮಕ್ಕಳ ಪಟ್ಟಿ ವಾರ್ಡುವಾರು ಸಿಗುವ ಕಚೇರಿ ಯಾವುದಾದರೂ ಇದ್ದರೆ ತಿಳಿಸಿ, ಹೋಗಿ ಹಾರ ಹಾಕಿ ಬರುತ್ತೇನೆ.

ಶಾಲೆಯ ಕಡೆಯೂ ನೋಡೋಣ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಖರ್ಚು ಮಾಡಬಹುದು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವೈದ್ಯಕೀಯ ತಪಾಸಣಾ ಶಿಬಿರ ನಡೆಯುತ್ತದೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವೂ ಉಂಟು. ಕಲಿಸುವವರು ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು, ಒಂದು ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ. ನಮ್ಮ ತಾಲ್ಲೂಕೆಂದರೆ ಸಾಸಲಿನಿಂದ ಮಧುರೆವರೆಗೆ, ತೂಬಗೆರೆಯಿಂದ ದೊಡ್ಡಬೆಳವಂಗಲದವರೆಗೆ. ಇವತ್ತು ಒಂದು ಮನೆಯಲ್ಲಿ ಬಟನ್ ಹಾಕಲು ಕಲಿಸಿದವರು ಮತ್ತೆ ಆ ಮನೆಗೆ ಬರುವ ಹೊತ್ತಿಗೆ ಮಗುವಿಗೆ ಆ ಅಂಗಿ ಗಿಡ್ಡವಾಗಿರುತ್ತದೆ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ರಾಜ್ಯಗಳು ಅಲುಗಾಡಲಿಲ್ಲವೆಂದು 2025ರ ಮಾರ್ಚ್‌ನಲ್ಲಿ ಮತ್ತೆ ಗದರಿ, ಹುದ್ದೆ ಮಂಜೂರು ಮಾಡಿ ಎಂದಿತು. ಹತ್ತು ಮಕ್ಕಳಿಗೆ ಒಬ್ಬರು ಎಂಬುದನ್ನು ನಾವು ಒಬ್ಬರಿಗೆ ಹತ್ತು ಊರು ಎಂದು ಓದಿಕೊಂಡೆವೋ ಏನೋ.

ಇಂಗ್ಲೆಂಡಿನಲ್ಲಿ ಇಂಥ ಮಗುವಿಗೆ ಏನೇನು ನೆರವು ಬೇಕೆಂಬ ಯೋಜನೆಯನ್ನು ಸ್ಥಳೀಯ ಕೌನ್ಸಿಲೇ 20 ವಾರದೊಳಗೆ ಬರೆದುಕೊಡಬೇಕು. ಅವರೂ ಸಾಚಾ ಅಲ್ಲ. ಗಡುವು ಮೀರುವುದು ಅಲ್ಲಿ ಮಾಮೂಲು, ಹೆತ್ತವರು ನ್ಯಾಯಮಂಡಳಿಗೆ ಅಲೆಯುವುದೂ ಮಾಮೂಲು. ಆದರೂ ನನಗೆ ಹೊಟ್ಟೆಕಿಚ್ಚು. ಗಡುವು ಮೀರಿತೆಂದು ಜಗಳಕ್ಕೆ ನಿಲ್ಲಲು ಮೊದಲು ನಮ್ಮ ಮಗುವಿನ ಹೆಸರಿನಲ್ಲೂ ಒಂದು ಗಡುವಿರಬೇಕಲ್ಲ!

ಮಗ್ಗದ ಊರಿನವನಾದ್ದರಿಂದ ನನಗೆ ತೋಚುವುದು ಹೀಗೆ. ಸಂವಿಧಾನ, ಕಾಯ್ದೆ, ತೀರ್ಪು, ತಾವು ಎಲ್ಲ ಸೇರಿ ಹಾಸು ಬಿಗಿಯಾಗಿ ಎಳೆದಿಟ್ಟಿದ್ದೀರಿ. ಹೊಕ್ಕಿನ ನೂಲೇ ಇಲ್ಲ. ಇಲ್ಲಿ ಹೊಕ್ಕು ಎಂದರೆ ಒಬ್ಬ ಮನುಷ್ಯ: ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ಬಂದು ಅದೇ ಮಗುವಿನ ಎದುರು ಕೂರುವ ಸ್ಪೀಚ್ ಥೆರಪಿಸ್ಟ್ ಅಥವಾ ವಿಶೇಷ ಶಿಕ್ಷಕಿ. ಗಾಡಿ, ಶ್ರವಣ ಸಾಧನ, ಲ್ಯಾಪ್‌ಟಾಪ್ ಯಾವುದನ್ನು ಬೇಕಾದರೂ ತಾವು ವೇದಿಕೆ ಮೇಲೆ ಕೊಟ್ಟು ಕೈತೊಳೆದುಕೊಳ್ಳಬಹುದು. ಶಿಕ್ಷಕಿಗೆ ರಿಬ್ಬನ್ ಕಟ್ಟಿ ಹಸ್ತಾಂತರಿಸಲು ಬರುವುದಿಲ್ಲ, ಮುಂದಿನ ತಿಂಗಳೂ ಸಂಬಳ ಕೊಡಬೇಕು. ತಮಗೆ ಕಷ್ಟವಾಗುತ್ತಿರುವುದು ಅಲ್ಲೇ ಎಂದು ನನ್ನ ಗುಮಾನಿ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಬಹುಪಾಲು ದಿನ ಬೀಗ ಹಾಕಿರುವ ಒಂದು ಸಮುದಾಯ ಭವನದಲ್ಲಿ, ಮಗ್ಗದ ಸದ್ದು ಕೇಳದ ಒಂದು ಕೋಣೆ. ವಾರಕ್ಕೆರಡು ದಿನ ಒಬ್ಬ ಥೆರಪಿಸ್ಟ್, ಐದು ದಿನ ಒಬ್ಬ ವಿಶೇಷ ಶಿಕ್ಷಕಿ. ಬರುವ ತಾಯಂದಿರಿಗೆ ಆಟೊ ಬಾಡಿಗೆ. ನಗರ ಪುನರ್ವಸತಿ ಕಾರ್ಯಕರ್ತರ ಕೈಗೆ ಅಂಗನವಾಡಿಗಳಿಂದ ಮಾತು ತಡವಾದ ಮಕ್ಕಳ ಪಟ್ಟಿ. ನಿಯಮದಲ್ಲಿ ಅವಕಾಶವಿಲ್ಲ ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ. ಅವಕಾಶ ಕೇಳಿ ಮೇಲಿನವರಿಗೆ ಬರೆದ ಪತ್ರದ ಪ್ರತಿಯೊಂದಿದ್ದರೆ ತೋರಿಸಿ ಎನ್ನಿ. ಉದ್ಘಾಟನೆಗೆ ಯಾರನ್ನು ಬೇಕಾದರೂ ಕರೆಯಿರಿ, ರಿಬ್ಬನ್ ನಾನೇ ತರುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ತಮಗೂ ಈ ಮಕ್ಕಳಿಗೂ ವ್ಯತ್ಯಾಸವಿದೆ. ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದರೆ ತಾವು ಆರಂಭಿಕ ಶಿಲ್ಕು ಎಂಬ ಹೆಸರಿನಲ್ಲಿ ಮುಂದಿನ ವರ್ಷಕ್ಕೆ ಸುಖವಾಗಿ ದಾಟಿಕೊಳ್ಳುತ್ತೀರಿ. ನಾಲ್ಕನೇ ವಯಸ್ಸಿನಲ್ಲಿ ಕಲಿಯದೆ ಉಳಿದ ಮಾತನ್ನು ಯಾವ ಮಗುವೂ ಹಾಗೆ ಇಡಿಯಾಗಿ ಹದಿನಾಲ್ಕಕ್ಕೆ ದಾಟಿಸಿಕೊಳ್ಳಲಾರದು.

'ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು' ಎಂಬ ಉತ್ತರ ದಯವಿಟ್ಟು ಬೇಡ, ಮನೆಯಲ್ಲಿ ಇಡಲು ಜಾಗವಿಲ್ಲ. ಬರುವ ಕ್ರಿಯಾ ಯೋಜನೆಯಲ್ಲಿ 'ವಿಶೇಷ ಶಿಕ್ಷಕಿಯ ಸಂಬಳ, ಹನ್ನೆರಡು ತಿಂಗಳು' ಎಂಬ ಒಂದು ಸಾಲು ಬರೆಸಿಕೊಳ್ಳಿ. ಅಷ್ಟಾದರೆ ಮುಂದಿನ ವರ್ಷದ ಕಂದಾಯವನ್ನು, ಶೇಕಡಾ ಐದರ ರಿಯಾಯಿತಿಯನ್ನೂ ಕೇಳದೆ, ಏಪ್ರಿಲ್‌ನಲ್ಲೇ ಕಟ್ಟುತ್ತೇನೆ.

ಇತಿ ತಮ್ಮ ವಿಶ್ವಾಸಿ,
ದೊಡ್ಡಬಳ್ಳಾಪುರದ ಒಬ್ಬ ತೆರಿಗೆದಾರ