ಒಂದೇ ಹಾಡನ್ನು ಎರಡು ಸಲ ಕೊಳ್ಳುವ ವಿಧಾನ

ಬೇಕಾಗುವ ಸಾಮಾನು: ಬೀಟಲ್ಸ್ ತಂಡದ ಒಂದು ಹಾಡು, ಅದೇ ಹಾಡು ಇನ್ನೊಮ್ಮೆ, ಒಂದು ಇಯರ್‌ಫೋನ್, ತಾಳ್ಮೆಯುಳ್ಳ ಮನೆಮಂದಿ.

ಮೊದಲು 1963ರ ಎರಡು ಆಲ್ಬಮ್‌ಗಳಲ್ಲಿ ಒಂದನ್ನು ಸ್ಟೀರಿಯೋದಲ್ಲಿ ಹಾಕಿ. ಇಯರ್‌ಫೋನಿನ ಎಡಗಡೆಯದು ನಿಮಗೆ, ಬಲಗಡೆಯದು ಮನೆಯವರಿಗೆ. ಅವರಿಗೆ ಗಾಯನ ಸಿಗುತ್ತದೆ, ನಿಮಗೆ ಡ್ರಮ್ಸು. ರಿಪೇರಿಗೆ ಒಯ್ಯಬೇಡಿ. ಆಗ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಬೀಟಲ್ಸ್‌ಗೆ ಸಿಕ್ಕಿದ್ದು ಎರಡೇ ಟ್ರ್ಯಾಕಿನ ಟೇಪು. ಒಂದರಲ್ಲಿ ದನಿ, ಇನ್ನೊಂದರಲ್ಲಿ ವಾದ್ಯ. ಆಮೇಲೆ ಹದ ನೋಡಿ ಒಂದೇ ಸ್ಪೀಕರಿನ ಮೋನೋಗೆ ಬೆರೆಸಲೆಂದೇ ನಿರ್ಮಾಪಕ ಜಾರ್ಜ್ ಮಾರ್ಟಿನ್ ಹಾಗೆ ಇಟ್ಟಿದ್ದು. ಸ್ಟೀರಿಯೋದವರಿಗೆ ಕಲಸದೆಯೇ ಬಡಿಸಿದರು: ಅನ್ನ ಒಂದು ಕಿವಿಗೆ, ಸಾರು ಇನ್ನೊಂದಕ್ಕೆ.

ಮುಂದೆ 'ಶೀಸ್ ಲೀವಿಂಗ್ ಹೋಮ್' (1967) ತೆಗೆದುಕೊಳ್ಳಿ. ಮೋನೋದಲ್ಲಿ ವೇಗವೂ ಹೆಚ್ಚು, ಶ್ರುತಿಯೂ ಮೇಲೆ. ಹುಡುಗಿ ಹಿಂದಿರುಗಿ ನೋಡದೆ ಹೊರಟೇಬಿಡುತ್ತಾಳೆ. ಸ್ಟೀರಿಯೋದಲ್ಲಿ ಚಪ್ಪಲಿ ಹುಡುಕುತ್ತಾ ಹೊತ್ತು ಕಳೆಯುತ್ತಾಳೆ. ನನ್ನ ಓಟು ಮೋನೋಗೆ. ಆ ಹಾಡಿರುವ ಆಲ್ಬಮ್ಮಿನ ಮೋನೋ ಬೆರೆಸುವಾಗ ಬೀಟಲ್ಸ್ ಎದುರಿಗೇ ಕೂತು ತಕರಾರು ತೆಗೆದವರು. ಸ್ಟೀರಿಯೋವನ್ನು ಮಾರ್ಟಿನ್ ಮತ್ತು ಎಂಜಿನಿಯರುಗಳ ಕೈಗೆ ಬಿಟ್ಟು ಎದ್ದುಹೋದರು. ಅಂದಿನ ಬ್ರಿಟನ್ನಿನಲ್ಲಿ ಮನೆಯ ಪ್ಲೇಯರಿಗೂ ರೇಡಿಯೋಗೂ ಹೆಚ್ಚಾಗಿ ಇದ್ದದ್ದು ಒಂದೇ ಸ್ಪೀಕರು ತಾನೇ?

'ಪ್ಲೀಸ್ ಪ್ಲೀಸ್ ಮಿ' ಸ್ಟೀರಿಯೋದಲ್ಲಿ, ಕೊನೆಯ ಚರಣದಲ್ಲಿ ಗಾಯಕ ಲೆನನ್ ಮಾತು ತಪ್ಪಿ ನಗು ಅದುಮಿಕೊಳ್ಳುವುದನ್ನು ಕಿವಿಗೊಟ್ಟು ಕೇಳತಕ್ಕದ್ದು. ಮೋನೋ ಸಿಂಗಲ್‌ನಲ್ಲಿ ಆತ ಶಿಸ್ತಿನ ಮನುಷ್ಯ. 'ಹೆಲ್ಪ್!' ಸಿಂಗಲ್‌ನಲ್ಲಂತೂ ಮುಖ್ಯ ಗಾಯನವೇ ಬೇರೆ ಸಲ ಹಾಡಿದ್ದು.

1968ರ 'ಹೆಲ್ಟರ್ ಸ್ಕೆಲ್ಟರ್' ಕೇಳುವಾಗ ಅಕ್ಕಪಕ್ಕದವರಿಗೆ ಮುಂಚೆಯೇ ತಿಳಿಸಿ. ಮೋನೋದಲ್ಲಿ ಹಾಡು ಕ್ಷೀಣಿಸಿ ಹೋದರೆ ಹೋದದ್ದೇ. ಸ್ಟೀರಿಯೋದಲ್ಲಿ ಹೋದ ಗದ್ದಲ ಮತ್ತೆ ಬರುತ್ತದೆ, ಕೊನೆಗೆ ಡ್ರಮ್ಸಿನ ರಿಂಗೋ ಬೆರಳಿಗೆ ಬೊಬ್ಬೆ ಬಂತೆಂದು ಬೊಬ್ಬೆ ಹೊಡೆಯುತ್ತಾನೆ.

ಎಚ್ಚರಿಕೆ: ಆಂಪ್ಲಿಫೈಯರಿನ ಮೋನೋ ಗುಂಡಿ ಒತ್ತಿ ದುಡ್ಡು ಉಳಿಸಲು ಹೋಗಬೇಡಿ. ಅದು ಎರಡು ಬದಿಯನ್ನು ಕೂಡಿಸುತ್ತದೆ, ಅಷ್ಟೇ. ರಿಂಗೋ ಸುಮ್ಮನಾಗುವುದಿಲ್ಲ, ಹುಡುಗಿಗೆ ಚಪ್ಪಲಿ ಸಿಗುವುದಿಲ್ಲ. 'ಅಬ್ಬೆ ರೋಡ್' (1969) ತಂಡದವರು ಬೆರೆಸಿದ್ದೇ ಸ್ಟೀರಿಯೋಗೆ. ಅದರ ಮೋನೋ ಕೇಳಿ ಅಂಗಡಿಯವರನ್ನು ಗೋಳುಹೊಯ್ದುಕೊಳ್ಳಬಾರದು.

2009ರ ಸೆಪ್ಟೆಂಬರ್ 9ರಂದು ಬೀಟಲ್ಸ್ ಆಲ್ಬಮ್‌ಗಳ ಮೋನೋ ಪೆಟ್ಟಿಗೆ, ಸ್ಟೀರಿಯೋ ಪೆಟ್ಟಿಗೆ ಎರಡೂ ಒಂದೇ ದಿನ ಮಾರುಕಟ್ಟೆಗೆ ಬಂದವು. ಎರಡನ್ನೂ ಒಟ್ಟಿಗೆ ಮನೆಗೆ ತರಬೇಡಿ. ಒಂದು ಈಗ, ಇನ್ನೊಂದು ಬೋನಸ್ ಬಂದ ಮೇಲೆ. ಬಿಲ್ಲು ಕೇಳಿದರೆ ಮೊದಲನೆಯದನ್ನೇ ತೋರಿಸಿ.